ಒತ್ತಿದರೆ ನಿಲ್ಲುವ ಮಿಷನ್

8 ಸೆಪ್ಟೆಂಬರ್ 2025, ಸೋಮವಾರ. ಸಂಜೆ ಏಳು.

ಇವತ್ತು ಮೂರು ಕಾರು ತೊಳೆದೆ. ಎರಡು ಬಿಳಿ, ಒಂದು ಕಪ್ಪು. ಕಪ್ಪು ಕಾರು ಶಿರಾಳಕೊಪ್ಪದವರದು. ಬಿಸಿಲಿಗೆ ಬಗ್ಗಿ ಬಾನೆಟ್ ನೋಡಿದರು. ಜೇಡರ ಬಲೆ ಹರಡಿದ ಹಾಗೆ ಸಣ್ಣ ಗೀರು, ತುಂಬ.

"ಇದು ಕೈಯಾಗೆ ಉಜ್ಜಿದ್ರೆ ಹೋಗಲ್ಲಮ್ಮ. ಪಾಲಿಶ್ ಮಿಷನ್ ಇಲ್ಲೇನು?"

ರಿಪೇರಿಗೆ ಹೋಗಿದೆ ಅಂದೆ. ಕೋರ್ಟಿನಲ್ಲಿದೆ ಅನ್ನಲಿಲ್ಲ.

ಐದು ಗಂಟೆಗೆ ಪೊಲೀಸಿನವರೊಬ್ಬರು ಬೈಕಿನಲ್ಲಿ ಬಂದು ಸಮನ್ಸ್ ಕೊಟ್ಟು ಹೋದರು. ಅಕ್ಟೋಬರ್ ಹದಿಮೂರಕ್ಕೆ ಶಿವಮೊಗ್ಗ ಕೋರ್ಟಿನಲ್ಲಿ ನನ್ನ ಸಾಕ್ಷಿ. ಕೇಸಿನ ಹೆಸರು ಓದಿದೆ. ಸರ್ಕಾರ ವಿರುದ್ಧ ರಾಜಕುಮಾರ್. ಕೊಂದವನ ಹೆಸರಿದೆ. ಸತ್ತವರ ಹೆಸರಿಲ್ಲ. ತಿರುವಿ ನೋಡಿದೆ, ಹಿಂದೆಯೂ ಇಲ್ಲ. ನನ್ನ ಗಂಡನ ಹೆಸರು, ಶ್ರೀನಾಥ ಅಂತ, ಒಂದು ಕಡೆಯಾದರೂ ಬರೆಯಬಹುದಿತ್ತು.

ಅತ್ತೆ ಕೇಳಿದರು, "ಗಲ್ಲಿಗೆ ಹಾಕ್ತಾರೇನೆ ಅವ್ನನ್ನ?"

ಗೊತ್ತಿಲ್ಲ ಅತ್ತೆ ಅಂದೆ. ಹಾಕಲಿ ಅಂತ ಮನಸ್ಸಿನಲ್ಲಿ.

11 ಸೆಪ್ಟೆಂಬರ್, ಗುರುವಾರ. ಸಂಜೆ.

ಮೈದುನ ಹಾಲೇಶ ಇವತ್ತು ಟ್ಯಾಕ್ಸಿಯವನನ್ನು ಹೊಡೆದ.

ಟ್ಯಾಕ್ಸಿಯವನದೂ ತಪ್ಪು. ಗಾಡಿ ತೊಳೆಸಿಕೊಂಡು ಸುಮ್ಮನೆ ಹೋಗಬಾರದಿತ್ತೇ. "ಪಾಲಿಶ್ ಮಾಡಿಸ್ರಣ್ಣ" ಅಂತ ಹಾಲೇಶ ಅಂದದ್ದಕ್ಕೆ ಹಲ್ಲು ಕಿಸಿದು, "ಬ್ಯಾಡಪ್ಪ ಬ್ಯಾಡ, ನಿಮ್ಮ ಶೆಡ್ನಾಗೆ ಪೇಂಟ್ ಸುಟ್ರೆ ಹೆಣ ಬೀಳ್ತಾವೆ" ಅಂದ.

ನಾನು ಕೇಳಿಸದ ಹಾಗೆ ಬಕೆಟ್ ತೊಳೆಯುತ್ತಿದ್ದೆ. ತಿರುಗುವಷ್ಟರಲ್ಲಿ ಹಾಲೇಶ ಅವನ ಕುತ್ತಿಗೆ ಪಟ್ಟಿ ಹಿಡಿದು ಕಾರಿನ ಕನ್ನಡಿಗೆ ಮುಖ ಗುದ್ದಿಸಿದ್ದ. ಕನ್ನಡಿ ಕಿತ್ತು ಬಂತು. ಮೂಗಿನಿಂದ ದಳದಳ ರಕ್ತ. ಇನ್ನೊಂದು ಸಲ ಗುದ್ದಲು ತಲೆ ಹಿಂದಕ್ಕೆ ಎಳೆದಿದ್ದ. ನಾನು ಪೈಪಿನ ನೀರು ಇಬ್ಬರ ಮುಖಕ್ಕೂ ಬಿಟ್ಟೆ. ನಾಯಿ ಜಗಳ ಬಿಡಿಸುವ ಹಾಗೆ.

ಆಮೇಲೆ ಹಾಲೇಶ ಮೂಲೆಯಲ್ಲಿ ಕೂತು ಅಂಗಿಯ ನೀರು ಹಿಂಡುತ್ತಿದ್ದ. "ಅಣ್ಣನ ಸುದ್ದಿ ಎತ್ತಿದ ಅತ್ತಿಗೆ. ತಡಕೊಳ್ಳಾಕೆ ಆಗ್ಲಿಲ್ಲ."

ಪಾಪ ಅನ್ನಿಸಿತು. ಟೀ ಕೊಟ್ಟೆ.

14 ಸೆಪ್ಟೆಂಬರ್, ಭಾನುವಾರ. ಮಧ್ಯಾಹ್ನ.

ಕೋರ್ಟಿನಲ್ಲಿ ತಡವರಿಸಬಾರದು. ನೋಡಿದ್ದಷ್ಟನ್ನು ಬರೆದುಕೊಳ್ಳುತ್ತೇನೆ.

ಕಳೆದ ವರ್ಷದ ಬೇಸಿಗೆ. ನಾನು ಶೆಡ್ಡಿನ ಹಿಂದೆ ನಲ್ಲಿಯ ಹತ್ತಿರ ಒರೆಸುವ ಬಟ್ಟೆ ಹಿಂಡುತ್ತಿದ್ದೆ. ಒಳಗೆ ಮೂವರು. ನಮ್ಮವರು, ಹಾಲೇಶ, ಆ ರಾಜಕುಮಾರ್. ಸೊರಬದವನು. ಶುಂಠಿ ವ್ಯಾಪಾರ. ಕಪ್ಪು ಕಾರು, ಹಿಂದಿನ ದಿನ ಪಾಲಿಶಿಗೆ ಬಿಟ್ಟು ಹೋಗಿದ್ದ. ಬಾನೆಟ್ಟಿನ ಏಣಿನ ಮೇಲೆ, ಆ ಉಬ್ಬಿದ ಅಂಚಿನಲ್ಲಿ, ಅಂಗೈಯುದ್ದ ಪೇಂಟ್ ಸುಟ್ಟು ಕೆಳಗಿನ ಬೂದು ಬಣ್ಣ ಕಾಣುತ್ತಿತ್ತು. ನಮ್ಮವರು ಬೆಳಿಗ್ಗೆಯೇ ಹೇಳಿದ್ದರು, ನನ್ನ ಕೈ ತಪ್ಪಿತು, ಬಾನೆಟ್ ಪೂರ್ತಿ ಹೊಸದಾಗಿ ಪೇಂಟ್ ಹೊಡೆಸಿಕೊಡುತ್ತೇನೆ ಅಂತ.

ಕೂಗಾಟ ಕೇಳಿತು. ಗಿರಾಕಿ ಕೂಗುವುದು ಹೊಸದಲ್ಲ. ಬಟ್ಟೆ ಹಿಂಡಿದೆ. ಮಿಷನ್ ಶುರುವಾದ ಸದ್ದು. ಆಮೇಲೆ ಒಬ್ಬರು ಕಿರುಚಿದರು. ಓಡಿದೆ.

ಬಾಗಿಲಿಗೆ ಬಂದಾಗ ಮಿಷನ್ ರಾಜಕುಮಾರನ ಕೈಯಲ್ಲಿತ್ತು. ಓಡುತ್ತಲೇ ಇತ್ತು. ನಮ್ಮವರು ಎರಡೂ ಕೈ ಅಗಲಿಸಿ ಅವನೆದುರು. ಹಾಲೇಶ ಅವರ ಬೆನ್ನ ಹಿಂದೆ. ರಾಜಕುಮಾರ್ ಮೊದಲ ಸಲ ಬೀಸಿದ್ದು ಗಾಳಿಗೆ. ಎರಡನೆಯದು ನಮ್ಮವರ ಕಿವಿಯ ಮೇಲೆ ಬಿತ್ತು. ಆ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ಅವರು ಕೂರಲಿಲ್ಲ, ಬಗ್ಗಲಿಲ್ಲ, ನಿಂತ ಹಾಗೇ ಬಿದ್ದರು.

ಮಿಷನ್ ನೆಲಕ್ಕೆ ಬಿತ್ತು. ಗುಂಡಿ ಲಾಕ್ ಆಗಿತ್ತು, ನಿಲ್ಲಲಿಲ್ಲ. ವಯರು ಎಳೆದುಕೊಂಡು ನೆಲದ ಮೇಲೆ ಸುತ್ತಿತು. ರಕ್ತದಲ್ಲಿ ಹೊರಳಿ ಕಾರಿನ ಬಾಗಿಲಿಗೆಲ್ಲ ಎರಚಿತು. ಸಣ್ಣ ಸಣ್ಣ ಚುಕ್ಕೆ. ನಾನು ಮೊದಲು ಪ್ಲಗ್ ಕಿತ್ತೆ. ಅವರ ಹತ್ತಿರ ಹೋಗುವುದು ಬಿಟ್ಟು ಪ್ಲಗ್ ಕಿತ್ತೆ. ಯಾಕೋ...

ರಾಜಕುಮಾರನ ಎಡಕೆನ್ನೆ ಹಸಿ ಮಾಂಸ. ನಮ್ಮವರ ರಕ್ತ ಸಿಡಿದಿದೆ ಅಂದುಕೊಂಡೆ. ಸುಟ್ಟ ಗಾಯ ಅಂತ ಆಮೇಲೆ ತಿಳಿಯಿತು. ಅಣ್ಣನ ಕೈಯಿಂದ ಮಿಷನ್ ಕಿತ್ತುಕೊಳ್ಳುವಾಗ ಅವನಿಗೇ ಸವರಿತು ಅಂತ ಹಾಲೇಶ ಪೊಲೀಸರಿಗೆ ಹೇಳಿದ್ದಾನೆ.

ಇಷ್ಟೇ ನಾನು ನೋಡಿದ್ದು.

17 ಸೆಪ್ಟೆಂಬರ್, ಬುಧವಾರ. ಸಂಜೆ ಆರು.

ಶಿವಮೊಗ್ಗಕ್ಕೆ ಹೋಗಿ ಬಂದೆ. ಮೊದಲು ಸರ್ಕಾರಿ ವಕೀಲರು. ಒಳ್ಳೆಯವರು, ಅವಸರದವರು. ನಿಂತುಕೊಂಡೇ ಮಾತಾಡಿದರು.

"ನೋಡಮ್ಮ, ನಿನ್ನ ಗಂಡನೇ ಓಡೋ ಮಿಷನ್ ತಗೊಂಡು ಅವನ ಮುಖಕ್ಕೆ ಒತ್ತಿದ, ಉರಿ ತಾಳಲಾರದೆ ರಾಜಕುಮಾರ್ ಹೊಡೆದ, ಅಂತ ಆ ಕಡೆ ವಕೀಲರು ವಾದ ಮಾಡ್ತಾರೆ. ಅದು ನಿಂತ್ರೆ ಕೊಲೆ ಕೇಸು ತೆಳ್ಳಗಾಗುತ್ತೆ. ಕೆಲವೇ ವರ್ಷಕ್ಕೆ ಹೊರಗೆ ಬರ್ತಾನೆ."

"ನಮ್ಮವರು ಒಂದು ಇರುವೆಗೂ ಒತ್ತಿದವರಲ್ಲ ಸಾರ್."

"ಅಷ್ಟೇ ಹೇಳು. ಗಂಡ ಏನೂ ಮಾಡಿಲ್ಲ, ಅವನೇ ಕಿತ್ತುಕೊಂಡು ಹೊಡೆದ. ಜಾಸ್ತಿ ಮಾತು ಬೇಡ."

ಆಮೇಲೆ ಶೇಷಪ್ಪನವರ ಅಂಗಡಿ. ನಮ್ಮವರು ಪಾಲಿಶಿಗೆ ಹಚ್ಚುವ ಕಾಂಪೌಂಡು ಪೇಸ್ಟು, ಪ್ಯಾಡು ಎಲ್ಲ ಅಲ್ಲೇ ತರುತ್ತಿದ್ದರು. ಶೇಷಪ್ಪ ನನ್ನ ಹಣೆ ನೋಡಿದರು, ಬೇರೆ ಕಡೆ ನೋಡಿದರು. ಗುಜರಿಯಿಂದ ತಂದ ಕಪ್ಪು ಕಾರಿನ ಬಾಗಿಲೊಂದನ್ನು ಮೇಜಿನ ಮೇಲೆ ಮಲಗಿಸಿ ಎರಡು ಮಿಷನ್ ಇಟ್ಟರು.

ರೋಟರಿ, ನಮ್ಮವರ ಹತ್ತಿರ ಇದ್ದಂಥದ್ದೇ. ನಡುಗೂಟ ಒಂದೇ, ಅದರ ಸುತ್ತ ಒಂದೇ ತಿರುಗು. ಇನ್ನೊಂದು ಡಿಎ, ಡ್ಯುಯಲ್ ಆಕ್ಷನ್ ಅಂತೆ. ಅದು ತಿರುಗುತ್ತಲೂ ಇರುತ್ತದೆ, ತಿರುಗುತ್ತ ಓಲಾಡುತ್ತಲೂ ಇರುತ್ತದೆ. ಒಂದೇ ಜಾಗವನ್ನು ಉಜ್ಜುವುದಿಲ್ಲ.

"ಎರಡನ್ನೂ ಒತ್ತಿ ನೋಡಿ ತಂಗಿ" ಅಂದರು.

ಡಿಎ ಒತ್ತಿದೆ. ಮೈಭಾರ ಬಿಟ್ಟು ಒತ್ತಿದೆ. ಪ್ಯಾಡಿನ ತಿರುಗು ನಿಂತೇ ಹೋಯಿತು. ಸುಮ್ಮನೆ ನಡುಗಿತು, ಅಷ್ಟೇ. ರೋಟರಿ ಒತ್ತಿದೆ. ನಿಲ್ಲಲಿಲ್ಲ. ಸದ್ದು ದಪ್ಪವಾಯಿತು, ಹೊಗೆ ಬಂತು, ಕಪ್ಪು ಹೋಗಿ ಬೂದು, ಬೂದು ಹೋಗಿ ತಗಡು. ಕೈ ತೆಗೆಯಲು ನನಗೇ ಮನಸ್ಸಾಗಲಿಲ್ಲ. ಶೇಷಪ್ಪ ಸ್ವಿಚ್ ಆರಿಸಿದರು.

"ಆಳವಾದ ಗೀರಿಗೆ ರೋಟರಿನೇ ಬೇಗ. ಡಿಎ ನಿಧಾನ, ಆದ್ರೆ ಕೈ ಮೀರಲ್ಲ. ಎರಡೂ ತಗೊಂಡು ಹೋಗಿ. ಮಾಡಿ ನೋಡಿ. ಬೇಡದ್ದು ವಾಪಸ್ ತನ್ನಿ."

ಬಸ್ಸಿನಲ್ಲಿ ಎರಡೂ ಡಬ್ಬ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

19 ಸೆಪ್ಟೆಂಬರ್, ಶುಕ್ರವಾರ.

ಹಾಲೇಶ ಡಿಎ ನೋಡಿ ನಕ್ಕ. "ಇದೇನ್ ಅತ್ತಿಗೆ, ಮಕ್ಳ ಗಿರಿಗಿಟ್ಲೆ ಇದ್ದಂಗೈತೆ. ಒಂದು ಬಾನೆಟ್ ಮುಗಿಯೊದ್ರೊಳಗೆ ಗಿರಾಕಿ ಎರಡು ಸಲ ಸೊರಬಕ್ಕೆ ಹೋಗಿ ಬರ್ತಾನೆ."

ಸೊರಬ ಅಂದ ಕೂಡಲೇ ಬಾಯಿ ಮುಚ್ಚಿದ.

ಹಳೆ ಮಾರುತಿಯೊಂದರ ಮೇಲೆ ಎರಡನ್ನೂ ನಡೆಸಿದೆ. ರೋಟರಿ ಕೈಯಿಂದ ಜಿಗಿಯಿತು. ಸೆರಗಿನ ತುದಿ ಪ್ಯಾಡಿಗೆ ಸಿಕ್ಕಿ ಒಂದೇ ಎಳೆತಕ್ಕೆ ನನ್ನ ಮುಖ ಬಾನೆಟ್ಟಿಗೆ ಬಡಿಯಿತು. ತುಟಿ ಒಡೆದಿದೆ, ಮಣಿಕಟ್ಟಿಗೂ ಪ್ಯಾಡು ಸವರಿ ತೆಳು ಗೆರೆ ಬಿದ್ದಿದೆ. ಸೀರೆ ಕತ್ತರಿಸಿ ಬಿಡಿಸಬೇಕಾಯಿತು. ನಾಳೆಯಿಂದ ಚೂಡಿದಾರ, ವೇಲ್ ಇಲ್ಲದೆ.

ಸುಳ್ಳು ಹೇಳಬಾರದು. ರೋಟರಿ ಹಿಡಿದಾಗ ಒಳಗೆ ಏನೋ ಒಂದು ಆಗುತ್ತದೆ. ಯಾರನ್ನೋ ಹಿಡಿದುಕೊಂಡ ಹಾಗೆ. ಗೀರುಗಳೆಲ್ಲ ಕಣ್ಣೆದುರೇ ಸಾಯುತ್ತವೆ. ರಾಜಕುಮಾರನ ಮುಖ ನೆನೆಸಿಕೊಂಡೇ ಅರ್ಧ ಬಾನೆಟ್ ಮುಗಿಸಿದೆ. ಬಿಸಿಲಿಗೆ ತಂದು ನೋಡಿದರೆ ಹೊಳಪಿನೊಳಗೆ ಸುತ್ತು ಸುತ್ತು ಹೊಗೆಯಂಥ ಗೆರೆ. ಮಿಷನ್ ಹೋದ ದಾರಿಯೆಲ್ಲ ಉಳಿದಿದೆ. ಡಿಎ ಮಾಡಿದ ಅರ್ಧದಲ್ಲಿ ಏನೂ ಇಲ್ಲ. ಆಕಾಶ ಮಾತ್ರ.

21 ಸೆಪ್ಟೆಂಬರ್, ಭಾನುವಾರ. ಅಮಾವಾಸ್ಯೆ.

ಹಿರಿಯರಿಗೆ ಎಡೆ ಇಟ್ಟೆವು. ನಮ್ಮವರನ್ನು ಹಿರಿಯರು ಅನ್ನಬೇಕಾಯಿತು. ಮೂವತ್ತೆಂಟು ವಯಸ್ಸು.

ಅತ್ತೆ ಹೋಳಿಗೆ, ಕಡಬು, ಹೊಸ ಪಂಚೆ, ಅಂಗಿ ಎಲ್ಲ ಇಟ್ಟರು. ಸತ್ತವರು ಹಿಡಿದ ಸಾಮಾನನ್ನೂ ಎಡೆಯ ಪಕ್ಕ ಇಡುವುದು ನಮ್ಮಲ್ಲಿ ಪದ್ಧತಿ. ಮಾವನವರಿಗೆ ಈಗಲೂ ಕುಡುಗೋಲು ಇಡುತ್ತೇವೆ. ಹಾಲೇಶ ರೋಟರಿ ತಂದು ಎಲೆಯ ಪಕ್ಕ ಇಟ್ಟ.

ಅತ್ತೆ ನೋಡಿದರು. ಎದ್ದರು. ಎರಡೂ ಕೈಯಲ್ಲಿ ಎತ್ತಿ ಅಂಗಳಕ್ಕೆ ಎಸೆದರು. ಆ ಬಡಕಲು ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

"ನನ್ನ ಮಗನ್ನ ತಿಂದದ್ದು ಅದು! ಅದನ್ನ ತಂದು ಅವನ ಎಲೆ ಮುಂದೆ ಇಡ್ತೀಯೇನೋ ಮೂಳ!"

ಎಡೆಯ ನೀರಿನ ಚೊಂಬಿನಿಂದಲೇ ಹಾಲೇಶನ ತಲೆಗೆ ಹೊಡೆದರು. ಅವನು ತಪ್ಪಿಸಿಕೊಳ್ಳಲಿಲ್ಲ. ಇನ್ನೂ ಹೊಡಿ ಅನ್ನುವವನ ಹಾಗೆ ತಲೆ ಬಗ್ಗಿಸಿ ನಿಂತ. ಹುಬ್ಬು ಒಡೆಯಿತು. ಹೋಳಿಗೆಯ ಮೇಲೆ ಎರಡು ಹನಿ.

ಮಿಷನ್ ಹಿಡಿಕೆ ಸೀಳಿದೆ. ಓಡುತ್ತದೆ.

24 ಸೆಪ್ಟೆಂಬರ್, ಬುಧವಾರ. ಮಧ್ಯಾಹ್ನ ನಾಲ್ಕು.

ಎಡಗೈಗೆ ಕಟ್ಟು ಹಾಕಿದ್ದಾರೆ. ಬಲಗೈ ಬರೆಯುತ್ತದೆ, ಆದ್ದರಿಂದ ಬರೆಯುತ್ತೇನೆ.

ಬೆಳಿಗ್ಗೆ ಶಿರಾಳಕೊಪ್ಪದವರ ಕಪ್ಪು ಕಾರು ಬಂತು. ಏಣಿನ ಅಂಚಿಗೆಲ್ಲ ಟೇಪ್ ಅಂಟಿಸಿ ಡಿಎ ಹಿಡಿದು ಬಾನೆಟ್ ಶುರು ಮಾಡಿದ್ದೆ. ಹಾಲೇಶ ರೋಟರಿ ತಂದು ಆ ಕಡೆಯಿಂದ ಶುರು ಮಾಡಿದ. ಟೇಪ್ ಕಿತ್ತೆಸೆದ. ಏಣಿನ ಮೇಲೇ ನಡೆಸಿದ.

"ಹಾಲೇಶ, ಅಲ್ಲಿ ಪೇಂಟ್ ತೆಳು. ಸುಡುತ್ತೆ."

"ಸುಡಲ್ಲ ಬಿಡ್ರಿ."

"ತೆಗೀ ಅಂದೆ."

ಅವನು ತೆಗೆಯಲಿಲ್ಲ. ನಾನು ಹೋಗಿ ಪ್ಲಗ್ ಕಿತ್ತೆ. ಅವನು ಬಂದು ಹಾಕಿದ. ನಾನು ಮತ್ತೆ ಕೈ ಚಾಚಿದೆ.

"ನಿನಗೇನ್ ಗೊತ್ತು! ಅಣ್ಣನೂ ಹಿಂಗೇ, ಹೆಜ್ಜೆ ಹೆಜ್ಜೆಗೂ ಅಡ್ಡ!"

ಮೊದಲ ಸಲ ನನಗೆ ಏಕವಚನ. ತಿರುಗಿದ. ಮಿಷನ್ ಓಡುತ್ತಿತ್ತು. ನೇರ ನನ್ನ ಮುಖಕ್ಕೆ ತಂದ. ಯೋಚಿಸಿ ತಂದದ್ದಲ್ಲ, ಸೊಳ್ಳೆಗೆ ಕೈ ಬೀಸುವವರ ಹಾಗೆ. ಎಡಗೈ ಅಡ್ಡ ಹಿಡಿದೆ. ಪ್ಯಾಡು ಮೊಳಕೈ ಕೆಳಗೆ ಕೂತಿತು. ಒತ್ತಿದ. ಅದು ನಿಲ್ಲಲಿಲ್ಲ. ಚರ್ಮ ಸುತ್ತಿಕೊಂಡು ಹೋದದ್ದು ಗೊತ್ತಾಯಿತು. ಕೂದಲು ಸುಟ್ಟ ವಾಸನೆ, ಕಾಂಪೌಂಡ್ ವಾಸನೆ. ನನ್ನ ಬಾಯಿಂದ ಬಂದ ಕಿರುಚು ನನಗೇ ಪರಿಚಯದ್ದು. ನಲ್ಲಿಯ ಹತ್ತಿರ ಕೇಳಿದ್ದೆ ಅದನ್ನು.

ಬಲಗೈಯಲ್ಲಿ ಡಿಎ ಇತ್ತು. ಅದರಲ್ಲೇ ಅವನ ಹೆಗಲಿಗೆ ಹೊಡೆದೆ. ಮಿಷನ್ ಬಿಟ್ಟ. ಆಮೇಲೂ ಹೊಡೆದೆ. ಅವನು ಚಕ್ರದ ಪಕ್ಕ ಕುಸಿದು ಕೂತಿದ್ದ, ಆಗಲೂ ಹೊಡೆದೆ. ತಲೆಗೆ ಎತ್ತಿದ್ದೆ. ಎತ್ತಿದ ಕೈ ಅಲ್ಲೇ ನಿಂತಿತು.

ಅವನು ನನ್ನ ತೋಳು ನೋಡುತ್ತಿದ್ದ. ದುಂಡಗೆ, ಕೆಂಪಗೆ, ತಟ್ಟೆಯಷ್ಟು. ಮೊನ್ನೆ ಶುಕ್ರವಾರ ಅದೇ ಪ್ಯಾಡು ನನ್ನ ಮಣಿಕಟ್ಟಿಗೆ ಸವರಿತ್ತು. ಸವರಿದರೆ ಬರುವುದು ಉಗುರಿನಷ್ಟು ತೆಳು ಗೆರೆ. ಇದು ಒತ್ತಿ ಹಿಡಿದದ್ದು. ರಾಜಕುಮಾರನ ಕೆನ್ನೆಯ ಮೇಲಿದ್ದದ್ದೂ ಇದೇ.

"ಅವತ್ತೂ ಹಿಂಗೇ ಮಾಡಿದೆಯೇನೋ?"

ಅವನು ಮುಖ ಆ ಕಡೆ ತಿರುಗಿಸಿದ.

"ಹಾಲೇಶ. ಅವತ್ತೂ?"

"ಪೇಂಟ್ ಸುಟ್ಟಿದ್ದು ನಾನು ಅತ್ತಿಗೆ. ಅಣ್ಣ ತನ್ನ ಮೇಲೆ ಹಾಕ್ಕೊಂಡ. ಆ ಸೊರಬದೋನು ಬೈತಾನೇ ಇದ್ದ, ಅಣ್ಣ ಕೈ ಮುಗೀತಾನೇ ಇದ್ದ. ನೋಡಾಕೆ ಆಗ್ಲಿಲ್ಲ ನಂಗೆ. ಗುಂಡಿ ಒತ್ತಿ ಮುಖಕ್ಕೆ ಇಟ್ಟೆ. ಕಣ್ಣಿಗೆಲ್ಲ ಕಾಂಪೌಂಡ್ ಹೋತು ಅವ್ನಿಗೆ. ಕಿತ್ಕೊಂಡ. ಕಣ್ ಮುಚ್ಕೊಂಡೇ ಬೀಸಿದ. ಅಣ್ಣ ಮಧ್ಯೆ ಬಂದ."

ಅಷ್ಟು ಹೇಳಿ ಅತ್ತ. "ನಂಗೆ ಬೀಳೋದಿತ್ತು."

ಮೊದಲ ಏಟು ಗಾಳಿಗೆ ಯಾಕೆ ಹೋಯಿತು ಅಂತ ಈಗ ತಿಳಿಯಿತು.

ಆಸ್ಪತ್ರೆಯಲ್ಲಿ ಕೇಳಿದರು. ಮಿಷನ್ ತಾಗಿತು ಅಂದೆ.

1 ಅಕ್ಟೋಬರ್, ಬುಧವಾರ. ಆಯುಧ ಪೂಜೆ.

ಇಷ್ಟು ದಿನ ಬರೆಯಲಿಲ್ಲ. ಗಾಯ ಕೀವಾಗಿತ್ತು. ಶೆಡ್ ಮುಚ್ಚಿದ್ದೆ. ಹಾಲೇಶನಿಗೆ ಊಟ ಬಡಿಸುವುದನ್ನು ಬಿಟ್ಟಿದ್ದೇನೆ. ಅತ್ತೆ ಬಡಿಸುತ್ತಾರೆ. ಯಾಕೆ ಅಂತ ಅವರು ಕೇಳಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು ನನಗೆ.

ಪೂಜೆಗೆ ಅತ್ತೆಯೇ ಶೆಡ್ಡಿಗೆ ಬಂದರು. ಬೂದುಗುಂಬಳ ಪ್ರತಿ ವರ್ಷ ನಮ್ಮವರು ಒಡೆಯುತ್ತಿದ್ದರು, ಕಳೆದ ಸಲ ಹಾಲೇಶ. ಇವತ್ತು ಅತ್ತೆ ಎತ್ತಿ ರಸ್ತೆಗೆ ಅಪ್ಪಳಿಸಿದರು. ಕುಂಕುಮದ ನೀರು ಅವರ ಕಾಲಿಗೆಲ್ಲ ಹಾರಿತು. ಆಮೇಲೆ ನನ್ನ ಪಕ್ಕ ಬಂದು ಕೂತರು.

"ಹದಿಮೂರಕ್ಕೆ ಏನು ಹೇಳ್ತಿ?"

"ನಿಮಗೆ ಗೊತ್ತಿತ್ತಾ ಅತ್ತೆ?"

"ಹೆತ್ತೋಳಿಗೆ ಗೊತ್ತಾಗಲ್ಲೇನೆ? ಮಣ್ಣು ಮಾಡಿ ಬಂದ ದಿನಾನೇ ನನ್ನ ಕಾಲು ಹಿಡ್ಕೊಂಡು ಹೇಳ್ದ."

"ನನಗೆ ಹೇಳಲಿಲ್ಲ ನೀವು."

"ಹೇಳಿದ್ರೆ ಏನ್ ಮಾಡ್ತಿದ್ದೆ? ಶ್ರೀನಾಥ ಎದ್ದು ಬರ್ತಿದ್ನಾ? ಒಬ್ಬನ್ನ ಆ ಸೊರಬದೋನು ತಿಂದ. ಇನ್ನೊಬ್ಬನ್ನ ನೀನು ತಿನ್ನಬ್ಯಾಡ."

ಅತ್ತೆ ನನ್ನ ಎಡಗೈ ತೊಡೆಯ ಮೇಲೆ ಎಳೆದುಕೊಂಡರು. ಸವರುತ್ತಾರೆ ಅಂದುಕೊಂಡೆ. ಕಟ್ಟಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ಕಣ್ಣು ಕತ್ತಲೆ ಬಂತು. ಬಟ್ಟೆ ಒದ್ದೆಯಾಯಿತು.

"ಇದು ವಾಸಿಯಾಗ್ತೈತೆ" ಅಂದರು. "ಇದ್ರಂಗೇ ಎಲ್ಲಾನೂ ವಾಸಿಯಾಗ್ತೈತೆ, ನೀನು ಬಾಯಿ ಮುಚ್ಕೊಂಡಿದ್ರೆ."

ಆಮೇಲೆ ಎದ್ದು ಎರಡೂ ಮಿಷನ್ನಿಗೆ ಕುಂಕುಮ ಹಚ್ಚಿದರು. ಎಸೆದದ್ದಕ್ಕೂ ಹಚ್ಚಿದರು.

9 ಅಕ್ಟೋಬರ್, ಗುರುವಾರ. ಬೆಳಿಗ್ಗೆ.

ವಕೀಲರು ಹೇಳಿಕೊಟ್ಟ ಹಾಗೆ, ಗಂಡ ಏನೂ ಮಾಡಿಲ್ಲ, ಅವನೇ ಕಿತ್ತುಕೊಂಡು ಹೊಡೆದ ಅಂದರೆ ರಾಜಕುಮಾರ್ ಜೀವಮಾನ ಒಳಗೆ. ಅದು ನನಗೆ ಬೇಕು. ಕಣ್ಣು ಮುಚ್ಚಿಕೊಂಡು ಬೀಸಿದರೂ ಬೀಸಿದವನು ಅವನೇ. ಆ ಕೈ ಕೊಳೆಯಲಿ.

ಹಾಲೇಶನೂ ಕೊಳೆಯಲಿ.

ಬರೆದು ನೋಡಿದರೆ ಎರಡೂ ಸರಿಯಾಗಿಯೇ ಕಾಣುತ್ತವೆ. ಎರಡೂ ಒಟ್ಟಿಗೆ ಆಗುವುದಿಲ್ಲ. ಒಬ್ಬನನ್ನು ಒಳಗೆ ಹಾಕಿಸಬೇಕಾದರೆ ಇನ್ನೊಬ್ಬನಿಗೆ ದಿನಾ ಅನ್ನ ಹಾಕಬೇಕು. ಅತ್ತೆ ಈ ಮನೆಯಿಂದ ನನ್ನನ್ನು ಕಳಿಸಿದರೆ ಹೋಗುವುದಕ್ಕೆ ತವರೂ ಇಲ್ಲ. ಈಸೂರಿನ ಮನೆ ಅಪ್ಪ ತೀರಿಕೊಂಡ ವರ್ಷವೇ ಬಿತ್ತು.

ನಮ್ಮವರು ಇದ್ದಿದ್ದರೆ ಏನು ಹೇಳುತ್ತಿದ್ದರು ಅಂತ ಯೋಚಿಸಿದೆ. ನನ್ನ ಕೈ ತಪ್ಪಿತು ಅನ್ನುತ್ತಿದ್ದರು. ಇದಕ್ಕೂ.

ಸಿಟ್ಟು ಬಂತು ಅವರ ಮೇಲೆ. ಸತ್ತ ಮೇಲೆ ಇದೇ ಮೊದಲು.

13 ಅಕ್ಟೋಬರ್, ಸೋಮವಾರ. ಸಂಜೆ ಏಳೂಕಾಲು.

ಬೆಳಗಿನ ಬಸ್ಸಿಗೆ ಒಬ್ಬಳೇ ಹೋದೆ. ಮೊದಲು ಶೇಷಪ್ಪನವರ ಅಂಗಡಿ. ರೋಟರಿ ಮೇಜಿನ ಮೇಲಿಟ್ಟೆ. ಹಿಡಿಕೆ ಸೀಳಿದೆ, ಅದರ ಲೆಕ್ಕ ನನಗೆ ಹಾಕಿ ಅಂದೆ.

"ಓಡಲ್ವಾ?"

"ಚೆನ್ನಾಗಿ ಓಡುತ್ತೆ. ಡಿಎ ಸಾಕು ನನಗೆ."

ಕೋರ್ಟಿನ ಪಡಸಾಲೆಯಲ್ಲಿ ರಾಜೇಶ್ವರಮ್ಮ ಇದ್ದರು. ರಾಜಕುಮಾರನ ತಾಯಿ. ಹಣೆಯ ತುಂಬ ವಿಭೂತಿ. ನನ್ನನ್ನು ಕಂಡವರೇ ಎದ್ದು ಬಂದರು.

"ಎಂತ ಮುಖ ಇತ್ತು ನನ್ನ ಮಗಂದು! ಹೆಣ್ಣು ಕೊಡಕ್ಕೆ ಸಾಲುಗಟ್ಟಿ ಬರ್ತಿದ್ರು ಮಾರಾಯ್ತಿ. ಈಗ ಮಕ್ಳು ಹೆದರ್ತಾವೆ. ನಿನ್ನ ಗಂಡ ಮನುಷ್ಯ ಅಲ್ಲ, ಮೃಗ. ಸತ್ತಿದ್ದು ಒಳ್ಳೇದೇ ಆಯ್ತು!"

ಹೊಡೆದೆ. ಕೈ ತನ್ನಷ್ಟಕ್ಕೆ ಹೋಯಿತು. ಅವರ ವಯಸ್ಸೂ ನೋಡಲಿಲ್ಲ. ಬಳೆ ಅವರ ತುಟಿಗೆ ತಾಗಿತು. ಅವರು ನನ್ನ ಜಡೆ ಹಿಡಿದರು. ಪೊಲೀಸಿನವರು ಬಿಡಿಸಿದರು. ಜಾಮೀನಿನ ಮೇಲೆ ಹೊರಗಿರುವ ರಾಜಕುಮಾರ್ ಗೋಡೆಗೆ ಒರಗಿ ನಿಂತಿದ್ದ, ಅಮ್ಮನ ಹತ್ತಿರವೂ ಬರಲಿಲ್ಲ. ಆ ದಿನದ ಮೇಲೆ ಮೊದಲ ಸಲ ಹತ್ತಿರದಿಂದ ನೋಡಿದೆ. ಎಡಕೆನ್ನೆ ಕಿವಿಯಿಂದ ಗದ್ದದವರೆಗೆ ಮಿರುಗುತ್ತದೆ. ಅಲ್ಲಿ ಗಡ್ಡ ಬರುವುದಿಲ್ಲ.

ಹನ್ನೆರಡಕ್ಕೆ ಕರೆದರು. ಅರಗಿನ ಮುದ್ರೆ ಒಡೆದು, ಬಟ್ಟೆ ಬಿಚ್ಚಿ, ಮಿಷನ್ ತೋರಿಸಿದರು. ಇದೇನಾ? ಇದೇ. ಹಿಡಿಕೆಯ ಮೇಲೆ ನಾನೇ ಹಚ್ಚಿದ ಕುಂಕುಮ, ಅದರ ಹಿಂದಿನ ದಸರಾದ್ದು. ಪ್ಯಾಡಿನ ಉಣ್ಣೆ ಕಂದು ಬಣ್ಣಕ್ಕೆ ಗಟ್ಟಿಯಾಗಿದೆ. ಒಂದು ಕೂದಲು ಅಂಟಿದೆ. ನಾನು ಕಟಕಟೆ ಹಿಡಿದುಕೊಂಡೆ.

ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ. ಸರ್ಕಾರಿ ವಕೀಲರು ತಲೆಯಾಡಿಸಿ ಕೂತರು. ಆ ಕಡೆಯ ವಕೀಲರು ಎದ್ದರು.

"ನಿಮ್ಮ ಗಂಡನೇ ಈ ಮಿಷನ್ ಚಾಲೂ ಮಾಡಿ ನನ್ನ ಕಕ್ಷಿದಾರರ ಮುಖಕ್ಕೆ ಒತ್ತಿದರು. ಹೌದೋ ಅಲ್ಲವೋ?"

"ಅಲ್ಲ."

"ಆಕಸ್ಮಿಕವಾಗಿ ಸವರಿತು ಅಂತೀರಿ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಸರ್ಕಾರಿ ವಕೀಲರು ನನ್ನನ್ನೇ ನೋಡುತ್ತಿದ್ದರು. ಹೂಂ ಅನ್ನು ಅನ್ನುವ ಹಾಗೆ.

"ಸವರಿದರೆ ಹಾಗೆ ಆಗಲ್ಲ ಸಾರ್. ಒತ್ತಿದ್ದೇ."

"ಹಾಗಾದರೆ ಗಂಡನೇ."

"ಅವರಲ್ಲ ಅಂದೆನಲ್ಲ."

"ಮತ್ತೆ ಯಾರಮ್ಮ?"

ಚೂಡಿದಾರದ ತೋಳು ಮೇಲಕ್ಕೆ ಎಳೆದೆ. ಕಟ್ಟು ಬೆಳಿಗ್ಗೆಯೇ ತೆಗೆದಿದ್ದೆ. ಯಾಕೆ ತೆಗೆದೆ ಅಂತ ಆಗ ಗೊತ್ತಿರಲಿಲ್ಲ. ಜಡ್ಜ್ ಸಾಹೇಬರು ಕನ್ನಡಕ ಹಾಕಿಕೊಂಡರು. ತೋಳು ನೋಡಿದರು, ರಾಜಕುಮಾರನ ಕೆನ್ನೆ ನೋಡಿದರು.

"ನನ್ನ ಮೈದುನ ಹಾಲೇಶ. ಹೋದ ತಿಂಗಳು ನನಗೂ ಒತ್ತಿದ. ಅವತ್ತು ರಾಜಕುಮಾರನಿಗೂ ತಾನೇ ಒತ್ತಿದ್ದು ಅಂತ ಅವನೇ ಹೇಳಿದ. ನಮ್ಮವರು ಬಿಡಿಸಲು ಮಧ್ಯೆ ಬಂದರು."

"ಅದನ್ನು ನೀವು ನೋಡಿದಿರಾ?" ಸಾಹೇಬರು ಕೇಳಿದರು.

"ಇಲ್ಲ ಸಾರ್. ನಾನು ನೋಡಿದ್ದು ಅವರು ಕೈ ಅಗಲಿಸಿ ನಿಂತಿದ್ದು."

"ಮಿಷನ್ ಒತ್ತಿ ಹಿಡಿದರೆ ನಿಲ್ಲುವುದಿಲ್ಲವೇ?"

"ಇದು ನಿಲ್ಲಲ್ಲ ಸಾರ್. ನಿಲ್ಲೋದು ಬೇರೆ ಇದೆ."

ಟೈಪ್ ಮಾಡುವವರು ಅದನ್ನೂ ಟೈಪ್ ಮಾಡಿದರು.

ಹೊರಗೆ ಬಂದಾಗ ಸರ್ಕಾರಿ ವಕೀಲರು ಫೈಲಿನಿಂದ ತೊಡೆಗೆ ಬಡಿದುಕೊಂಡರು. "ನಿನ್ನ ಗಂಡನನ್ನ ಕೊಂದವನನ್ನ ನೀನೇ ಬಿಡಿಸ್ತೀಯಲ್ಲಮ್ಮ!" ಬಿಡಿಸಿಲ್ಲ ಅಂದೆ. ರಾಜಕುಮಾರ್ ನನ್ನ ಕಡೆ ಬರಲು ಹೆಜ್ಜೆ ಇಟ್ಟ. ಕೈ ಮುಗಿಯಲೋ ಏನೋ. ಹತ್ತಿರ ಬಂದರೆ ಕಣ್ಣು ಕೀಳುತ್ತೇನೆ ಅಂದೆ. ನಿಂತ.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ. ಹೇಳಿ ಬಂದೆ ಅತ್ತೆ, ಇದ್ದದ್ದನ್ನು ಹೇಳಿ ಬಂದೆ. ಅತ್ತೆ ಪೊರಕೆ ತೆಗೆದುಕೊಂಡರು. ಹಿಡಿಯ ಕಡೆಯಿಂದ ಹೊಡೆದರು. ಬೆನ್ನು, ಕೈ, ಸುಟ್ಟ ಜಾಗ. ನಾನು ಕೈ ಅಡ್ಡ ಹಿಡಿಯಲಿಲ್ಲ. ನನ್ನ ಬಟ್ಟೆ, ಡಿಎ ಡಬ್ಬ, ನಮ್ಮವರ ಫೋಟೋ ಎಲ್ಲ ಅಂಗಳದಲ್ಲಿ ಬಿದ್ದವು. ಗಾಜು ಚೂರು. ಪಕ್ಕದ ಮನೆಯವರು ಬಂದು ನಿಂತರು, ಒಳಗೆ ಬರಲಿಲ್ಲ.

ಹಾಲೇಶ ಹಿಂದಿನಿಂದ ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡ. "ಬಿಡವ್ವ. ಸಾಕು." ಅವರು ಅವನ ಕೈ ಕಚ್ಚಿದರು. ಬಿಡಲಿಲ್ಲ. ಅವರು ಸುಸ್ತಾಗಿ ಕೂರುವವರೆಗೂ ಹಿಡಿದುಕೊಂಡೇ ಇದ್ದ. ಆಮೇಲೆ ಅಂಗಳಕ್ಕೆ ಇಳಿದು ಫೋಟೋ ಎತ್ತಿಕೊಂಡ. ಗಾಜಿನ ಚೂರು ಒಂದೊಂದೇ ತೆಗೆದ. ಕಿಸೆಯಿಂದ ಮಡಿಸಿದ ಸಮನ್ಸ್ ಕಾಗದವೊಂದನ್ನು ತೆಗೆದು ನನಗೆ ಕೊಟ್ಟ. ಮಧ್ಯಾಹ್ನ ಪೊಲೀಸಿನವರು ಕೊಟ್ಟು ಹೋದದ್ದಂತೆ.

"ಬಸ್ಸು ಎಷ್ಟಕ್ಕೆ ಅತ್ತಿಗೆ?"

"ಬೆಳಿಗ್ಗೆ ಏಳೂವರೆಗೆ."

ತಲೆಯಾಡಿಸಿ ಒಳಗೆ ಹೋದ. ಕೋರ್ಟಿನಲ್ಲಿ ಏನು ಹೇಳುತ್ತಾನೋ ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಬಾಗಿಲು ಹಾಕಿಲ್ಲ. ನಾಳೆ ಹನ್ನೊಂದು ಗಂಟೆಗೆ ಹಾಲೇಶನ ಸಾಕ್ಷಿ.